ಅಡ್ಜಸ್ಟಬಲ್ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್: ಕೊಳ್ಳಿ, ಆದರೆ ಜೊತೆಗೆ ಬರುವ ಗೇಜನ್ನು (ಒತ್ತಡದ ಮೀಟರ್) ನಂಬಬೇಡಿ

ಹಳೆಯ ಹೋಂಡಾ ಸಿಟಿ 1.5 ವಿಟೆಕ್‌ಗೆ ಕ್ಯಾಮ್, ಹೆಡರ್ ಹಾಕಿಸಿದ ಮೇಲೆ ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲುತ್ತಿರಲಿಲ್ಲ. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸುವುದಕ್ಕಿಂತ ಅಗ್ಗವೆಂದು, ಅದಕ್ಕೆ ಹೋಗುವ ಪೆಟ್ರೋಲಿನ ಒತ್ತಡವನ್ನು ಬೇಕಾದಷ್ಟಕ್ಕೆ ಹೊಂದಿಸುವ ಈ ರೆಗ್ಯುಲೇಟರ್ ಕೊಂಡೆ. ಕೆಲವು ವರ್ಷಗಳ ಬಳಕೆಯಲ್ಲಿ ಅದರೊಳಗಿನ ಡಯಾಫ್ರಾಮ್ (ಒತ್ತಡ ಹಿಡಿದಿಡುವ ತೆಳು ಪೊರೆ) ಒಮ್ಮೆಯೂ ಕೈಕೊಟ್ಟಿಲ್ಲ.

ಸ್ಕ್ರೂ ತಿರುಗಿಸಿದರೆ ಪವರ್ ಬರುತ್ತದೆ ಎಂದು ಮಾರುವವರು ಹೇಳುತ್ತಾರೆ. ಶುದ್ಧ ವ್ಯಾಪಾರದ ಮಾತು! ಹರಿವು ಏರುವುದು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ: 3 ಬಾರ್ (ಒತ್ತಡದ ಅಳತೆ) ಇದ್ದದ್ದನ್ನು 4 ಮಾಡಿದರೂ ಇಂಜೆಕ್ಟರ್ ಕೊಡುವ ಪೆಟ್ರೋಲ್ ಸುಮಾರು ಶೇ 15 ಮಾತ್ರ ಹೆಚ್ಚು. ಅಷ್ಟರಲ್ಲಿ ಹಳೆಯ ಪಂಪ್ ಏದುಸಿರು ಬಿಡುತ್ತಿರುತ್ತದೆ. ಸಾಧಾರಣ ಓಟದಲ್ಲಂತೂ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚುವರಿಯನ್ನೆಲ್ಲ ಕಡಿತ ಮಾಡಿಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗಷ್ಟೇ ವ್ಯತ್ಯಾಸ. ನನ್ನ ಕಾರಿನಲ್ಲಿ 3ರಿಂದ 3.4 ಬಾರ್‌ಗೆ ಏರಿಸಿದಾಗ ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರಿನಲ್ಲಿ ಲ್ಯಾಂಬ್ಡಾ (ಅಂಕಿ ಇಳಿದಷ್ಟೂ ಪೆಟ್ರೋಲ್ ಹೆಚ್ಚು) 0.93ರಿಂದ 0.87ಕ್ಕೆ ಇಳಿಯಿತು. ನನಗೆ ಬೇಕಿದ್ದದ್ದು ಅಷ್ಟೇ.

ಹೊಂದಿಸುವುದು ಕಷ್ಟವಲ್ಲ. ಎಂಜಿನ್ ಐಡಲ್‌ನಲ್ಲಿರಲಿ; ಎಂಜಿನ್ನಿನ ಇನ್‌ಟೇಕ್‌ನಿಂದ ರೆಗ್ಯುಲೇಟರಿಗೆ ಬರುವ ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿ. ಆಗ ಬರುವ ಅಂಕಿಯೇ ಬೇಸ್ ಪ್ರೆಶರ್. ಲಾಕ್‌ನಟ್ ಸಡಿಲಿಸಿ ಅಲೆನ್ ಕೀಯನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿದರೆ ಮುಳ್ಳು ಮೆಲ್ಲಗೆ ಮೇಲೇರುತ್ತದೆ. ಪೈಪ್ ಮತ್ತೆ ಸಿಕ್ಕಿಸಿದೊಡನೆ ಸುಮಾರು ಅರ್ಧ ಬಾರ್ ಇಳಿಯಬೇಕು. ಪೈಪಿನೊಳಗೆ ಪೆಟ್ರೋಲ್ ಒದ್ದೆ ಕಂಡರೆ ಡಯಾಫ್ರಾಮ್ ಹರಿದಿದೆ ಎಂದೇ ತಿಳಿಯಿರಿ, ಗಾಡಿ ಓಡಿಸಬೇಡಿ.

ಇದರ ನಿಜವಾದ ಉಪಯೋಗ ಗೊತ್ತಾದದ್ದು ಬಂಕ್‌ಗಳಿಗೆ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದಾಗ. ಎಥನಾಲ್ ಹೆಚ್ಚಾದಂತೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಮಿಶ್ರಣ ಮತ್ತೆ ತೆಳುವಾಯಿತು. 3.7 ಬಾರ್‌ಗೆ ಏರಿಸಿದೆ, ಸರಿಹೋಯಿತು. ಕಿಟ್‌ನಲ್ಲಿದ್ದ ರಬ್ಬರ್ ಹೋಸ್ ಮಾತ್ರ ಇ20ಕ್ಕೆ ಬಿರುಕು ಬಿಟ್ಟಿತು. ಎಥನಾಲ್ ತಡೆಯುವ ಹೋಸನ್ನು ಮೊದಲ ದಿನವೇ ಹಾಕಿಸಿಕೊಳ್ಳಿ, ಬೆಂಕಿಯ ವಿಷಯದಲ್ಲಿ ಜಿಪುಣತನ ಬೇಡ.

ಗ್ಲಿಸರಿನ್ ತುಂಬಿದ ಆ ಗೇಜ್ ಬೆಳಿಗ್ಗೆ 3.4 ತೋರಿಸಿ, ಎಂಜಿನ್ ಕಾದ ಮೇಲೆ ಟ್ರಾಫಿಕ್‌ನಲ್ಲಿ 3.1 ಎನ್ನುತ್ತದೆ. ಒತ್ತಡ ಇಳಿದಿರುವುದಿಲ್ಲ, ಬಿಸಿಗೆ ಗೇಜಿನೊಳಗಿನ ದ್ರವ, ಗಾಳಿ ಹಿಗ್ಗಿ ಮುಳ್ಳನ್ನು ಕೆಳಗೆ ತಳ್ಳುತ್ತವೆ. ಅದನ್ನು ನೋಡಿ ಸ್ಕ್ರೂ ಬಿಗಿಮಾಡಿದವರನ್ನು ಬಲ್ಲೆ. ನಾನು ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿಸಿಕೊಂಡೆ.

ರಿಟರ್ನ್ ಲೈನ್ (ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪ್) ಇಲ್ಲದ ಕಾರಿನವರು ಹೊಸ ಪೈಪ್ ಎಳೆಸಲು ಸಿದ್ಧರಿಲ್ಲದಿದ್ದರೆ ಇದರ ಗೋಜಿಗೆ ಹೋಗಬೇಡಿ. ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿತ ಆ ಗೇಜಿಗೆ ಮತ್ತು ಹೋಸಿಗೆ.