ಮದುವೆಗೆ ವಾದ್ಯ ನುಡಿಸುವವರೇ, ನಡುವೆ ನಿಲ್ಲುವ ಏಜೆಂಟನ ಬಗ್ಗೆ ಎಚ್ಚರ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಮದುವೆಗಳಿಗೆ ನುಡಿಸುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ನೀವು ಸ್ಯಾಕ್ಸೋಫೋನ್‌ನವರಿರಲಿ, ಸನಾದಿಯವರಿರಲಿ, ಕೀಬೋರ್ಡ್, ತಬಲಾ, ಬ್ಯಾಂಡ್ ಕಂಪನಿ ಯಾರೇ ಇರಲಿ. ಕಳೆದ ಸೀಸನ್‌ನಲ್ಲಿ ಒಬ್ಬ ಇವೆಂಟ್ ಏಜೆಂಟ್ ನಮ್ಮ ತಂಡದ ದುಡ್ಡು ಮುಳುಗಿಸಿದ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಅವನು ಅದನ್ನು ಮಾಡಿದ ರೀತಿಗೆ. ಅದು ಕೊನೆಯ ದಿನ ಹೊಳೆದ ಮೋಸ ಅಲ್ಲ. ಮೊದಲ ಫೋನ್ ಕಾಲ್‌ನಿಂದಲೇ ಹೆಣೆದಿದ್ದು. ಅದು ಹೇಗೆ ನಡೆಯಿತು ಅಂತ ಗೊತ್ತಿದ್ದರೆ ನಿಮಗೆ ಬೇಗ ಗುರುತು ಸಿಗುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಆಲ್ಟೋ ಸ್ಯಾಕ್ಸ್ ನುಡಿಸುತ್ತೇನೆ. ವರ್ಷದಲ್ಲಿ ಅರ್ಧ ತಿರುಗಾಟವೇ. ಗೋವಾದ ಹೋಟೆಲ್‌ಗಳು, ಪುಣೆ, ಬೆಂಗಳೂರಿನ ಕಾರ್ಯಕ್ರಮಗಳು, ಕರಾವಳಿಯ ದೇವಸ್ಥಾನದ ಉತ್ಸವಗಳು. ಕರಾವಳಿಯಲ್ಲಿ ಈ ವಾದ್ಯಕ್ಕೆ ಇರುವ ಮರ್ಯಾದೆಯೇ ಬೇರೆ. ಕದ್ರಿ ಗೋಪಾಲನಾಥ್ ಅವರು ಇದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಹೋದವರು. ನಮ್ಮ ಕಡೆ ಜನರ ಕಿವಿ ಹಿಂದೂಸ್ತಾನಿಯದು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಅವರನ್ನು ಕೇಳಿ ಬೆಳೆದ ಊರುಗಳು ಇವು. ಅಕ್ಕಿಕಾಳು ಬಿದ್ದು ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ ಒಂದು ಸಾರಂಗ ರಾಗ ಎತ್ತಿಕೊಂಡರೆ, ಯಾರೋ ಒಬ್ಬ ಹಿರಿಯರು ಊಟ ಬಿಟ್ಟು ಕುರ್ಚಿ ಎಳೆದುಕೊಂಡು ಸ್ಟೇಜಿನ ಹತ್ತಿರ ಬಂದು ಕೂರುತ್ತಾರೆ. ಆ ಒಬ್ಬರಿಗಾಗಿಯೇ ಮದುವೆಗೆ ನುಡಿಸಬೇಕು ಅನಿಸುತ್ತೆ.

ಈಗ ಸೀಸನ್ ವಿಷಯ. ತುಳಸಿ ಲಗ್ನ ಆದ ಮೇಲೆ ಮುಹೂರ್ತ ಶುರುವಾಗುತ್ತವೆ, ಧನುರ್ಮಾಸದಲ್ಲಿ ನಿಲ್ಲುತ್ತವೆ, ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬೇಸಿಗೆವರೆಗೆ ನಡೆಯುತ್ತವೆ. ಗೋವಾದಲ್ಲಿ ಟೂರಿಸ್ಟ್‌ಗಳು ತುಂಬುವುದೂ ಹೆಚ್ಚು ಕಡಿಮೆ ಅದೇ ತಿಂಗಳುಗಳಲ್ಲಿ. ಆಷಾಢ ಬಂದರೆ ಎರಡೂ ಇಲ್ಲ. ಅಂದರೆ ಒಂದು ತಾರೀಕಿಗೆ ಹೂಂ ಅಂದೆವು ಅಂದರೆ ಅದೇ ತಾರೀಕಿನ ಇನ್ನೊಂದು ಕೆಲಸ ಬಿಟ್ಟೆವು ಅಂತಲೇ ಅರ್ಥ. ಇದು ಏಜೆಂಟರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇವನು ಫೋನ್ ಮಾಡಿದ್ದು ದೀಪಾವಳಿಗೆ ಮುಂಚೆ. ಮಾತು ಬಹಳ ಚೆಂದ. "ಮೂರು ಕಾರ್ಯಕ್ರಮ ಅದಾವ್ರಿ, ಒಂದು ಹುಬ್ಬಳ್ಳಿ, ಒಂದು ಗದಗ, ಒಂದು ರಾಣೆಬೆನ್ನೂರ. ಮೂರೂ ನಿಮಗ ಕೊಡ್ತೇನಿ, ರೇಟ್ ಸ್ವಲ್ಪ ನೋಡಿ ಹೇಳ್ರಿ" ಅಂದ. ಮೂರು ಒಟ್ಟಿಗೆ ಬರುತ್ತವೆ ಅಂದರೆ ರೇಟ್ ಇಳಿಸುವುದು ನಮ್ಮ ಕೆಲಸದಲ್ಲಿ ಮಾಮೂಲು. ಹುಬ್ಬಳ್ಳಿಯದು ಗೋಕುಲ ರಸ್ತೆ ಕಡೆಯ ಒಂದು ಹಾಲ್‌ನಲ್ಲಿ ಸಣ್ಣ ನಿಶ್ಚಿತಾರ್ಥ. ಅದರ ದುಡ್ಡನ್ನು ಅದೇ ರಾತ್ರಿ, ವಾದ್ಯ ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಕೈಗಿಟ್ಟ. ಹುಡುಗರಿಗೆ ಚಹಾಕ್ಕೆ ಅಂತ ಮೇಲೆ ಇನ್ನಷ್ಟು ಕೊಟ್ಟ. ಆಮೇಲೆ ನಾನು ವಿಚಾರಿಸಿದಾಗ ಬೇರೆ ತಂಡದವರೂ ಇದನ್ನೇ ಹೇಳಿದರು. ಮೊದಲ ಸಣ್ಣ ಕೆಲಸಕ್ಕೆ ಪೂರ್ತಿ ದುಡ್ಡು, ಮುಂದಿನ ದೊಡ್ಡ ಎರಡಕ್ಕೆ ಬರೀ ಮಾತು.

ಗದಗದ ಮದುವೆಗೆ ಅಡ್ವಾನ್ಸ್ ಸ್ವಲ್ಪ ಕೊಟ್ಟು, ಬಾಕಿ ಎರಡೂ ಸೇರಿಸಿ ರಾಣೆಬೆನ್ನೂರಿನ ದಿನ ಕೊಡುತ್ತೇನೆ ಅಂದ. ಜೊತೆಗೆ ಒಂದು ಮಾತು ಹೇಳಿದ. ನೀವು ಈ ಬರಹದಲ್ಲಿ ಬೇರೆ ಎಲ್ಲಾ ಮರೆತರೂ ಈ ಮಾತು ನೆನಪಿಡಿ. "ದೊಡ್ಡ ಮನಿತನ ರೀ. ಮನಿಯವರ ಮುಂದ ರೊಕ್ಕದ ಮಾತು ತಗೀಬ್ಯಾಡ್ರಿ, ನಿಮ್ಮ ಹೆಸರ ಕೆಡತೈತಿ." ಕೇಳಲಿಕ್ಕೆ ಸಭ್ಯತೆಯ ಮಾತು. ಮಂಗಳ ಕಾರ್ಯದಲ್ಲಿ ದುಡ್ಡಿನ ಜಗ್ಗಾಟ ಯಾರಿಗೂ ಬೇಡ ಅಲ್ವಾ? ಆದರೆ ಅವನ ಇಡೀ ವ್ಯವಹಾರ ನಿಂತಿದ್ದು ಈ ಒಂದು ಮಾತಿನ ಮೇಲೆ. ನಾವು ಮನೆಯವರ ಜೊತೆ ಮಾತಾಡಬಾರದು, ಮನೆಯವರು ನಮ್ಮ ಜೊತೆ ಮಾತಾಡಬಾರದು, ಅಷ್ಟೇ ಅವನಿಗೆ ಬೇಕಾಗಿದ್ದು.

ಗದಗದಲ್ಲಿ ಸಂಜೆ ರಿಸೆಪ್ಷನ್‌ಗೆ ಎರಡು ತಾಸು ಅಂತ ಮಾತಾಗಿತ್ತು. ಎರಡು ತಾಸು ಮುಗಿದ ಮೇಲೂ ಅವನ ಹುಡುಗರು ಬಿಡಲಿಲ್ಲ. ರಾತ್ರಿ 10 ಗಂಟೆ ಆದ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಚ್ಚುವ ಹಾಗಿಲ್ಲ, 2000ರ ಶಬ್ದ ಮಾಲಿನ್ಯ ನಿಯಮ ಅದು. ಸೌಂಡ್‌ನವರು ಬಂದ್ ಮಾಡಿದರು. ಆಗ ಏಜೆಂಟನ ಹುಡುಗ ಬಂದು, ಸ್ಯಾಕ್ಸ್‌ಗೆ ಮೈಕ್ ಬೇಡವಲ್ಲ, ಊಟದ ಸಾಲಿನ ನಡುವೆ ಅಡ್ಡಾಡಿ ನುಡಿಸಿ, ಮನೆಯವರು ಕೇಳುತ್ತಿದ್ದಾರೆ ಅಂದ. ನುಡಿಸಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ವಾದ್ಯದಲ್ಲಿ ಉಸಿರು ಸೋಲುವ ಮುಂಚೆ ತುಟಿ ಸೋಲುತ್ತೆ. ರೀಡ್ (ಊದುವ ತುದಿಯ ತೆಳು ಪಟ್ಟಿ) ಹಿಡಿದಿಡುವ ತುಟಿಯ ಸುತ್ತಲಿನ ಸ್ನಾಯು ದಣಿದ ಮೇಲೆ ಶ್ರುತಿ ಇಳಿಯುತ್ತೆ, ಮೇಲಿನ ಸ್ವರ ಸೀಳುತ್ತೆ. ಮಾರನೇ ದಿನ ಬೆಳಗ್ಗೆ ಲಗ್ನಕ್ಕೆ ನುಡಿಸುವುದಿತ್ತು. ಆ ರಾತ್ರಿಯ ಜಾಸ್ತಿ ಹೊತ್ತಿಗೆ ಅವನು ಒಂದು ರೂಪಾಯಿ ಲೆಕ್ಕ ಹಿಡಿಯಲಿಲ್ಲ. ಅದರ ಹಿಂದೆ ಇನ್ನೊಂದು ಕಥೆ ಇತ್ತು, ಅದು ನನಗೆ ಆಮೇಲೆ ಗೊತ್ತಾಯಿತು.

ಗದಗದಿಂದ ವಾಪಸ್ ಬರುವಾಗ ಗಾಡಿ ಅವನದೇ. ನಾನು ಕೈತೊಳೆದು ಬರುವಷ್ಟರಲ್ಲಿ ಅವನ ಹುಡುಗರು ಸ್ಯಾಕ್ಸ್ ಪೆಟ್ಟಿಗೆಯನ್ನು ಟೆಂಪೋಗೆ ಹಾಕಿ ಮೇಲೆ ಸ್ಪೀಕರ್ ಡಬ್ಬಿ ಪೇರಿಸಿದ್ದರು. ಕೆಳಗಿನ ಕೀಗಳ ಗಾರ್ಡ್ ಬಗ್ಗಿತು. ಸ್ಯಾಕ್ಸ್‌ನಲ್ಲಿ ತೂತು ಮುಚ್ಚುವ ಒಂದು ಪ್ಯಾಡ್ ಕೂದಲೆಳೆಯಷ್ಟು ಸರಿಯಾಗಿ ಕೂರದಿದ್ದರೂ ಗಾಳಿ ಸೋರುತ್ತೆ, ಕೆಳಗಿನ ಸ್ವರ ಬರುವುದೇ ಇಲ್ಲ. ಇದನ್ನು ಕೊಡ, ತಪ್ಪಲೆ ತಟ್ಟಿ ನೇರ ಮಾಡುವವರ ಹತ್ತಿರ ಕೊಡಲಿಕ್ಕೆ ಆಗಲ್ಲ. ನಾನು ಬೆಂಗಳೂರಿಗೆ ಒಯ್ದು ರಿಪೇರಿ ಮಾಡಿಸಿದೆ. ಅದರ ಖರ್ಚು ಕೇಳಿದರೆ, ಬಾಕಿ ಜೊತೆ ಸೇರಿಸಿ ಕೊಡ್ತೇನಿ ಅಂದ. ಪೆಟ್ಟಿಗೆ ಯಾರ ಕೈಗೂ ಕೊಡಬೇಡಿ, ತೊಡೆ ಮೇಲೇ ಇಟ್ಟುಕೊಂಡು ಬನ್ನಿ.

ರಾಣೆಬೆನ್ನೂರಿನ ಮದುವೆ ಸಂಗೀತದ ಲೆಕ್ಕದಲ್ಲಿ ಬಹಳ ಚೆನ್ನಾಗಿ ಆಯಿತು. ಮುಗಿದ ಮೇಲೆ ಏಜೆಂಟ್ ಕಾಣಲಿಲ್ಲ. ಫೋನ್ ಮಾಡಿದರೆ "ದಾವಣಗೆರೆ ದಾಟೇನಿ, ಬರಾಕತ್ತೇನಿ" ಅಂದ. ಮಂಟಪದ ಹೂವು ಬಿಚ್ಚಿ ಆಯಿತು, ಕುರ್ಚಿ ಎತ್ತಿ ಆಯಿತು, ಅವನು ಬರಲಿಲ್ಲ. ಸಂಜೆ ಹೊತ್ತಿಗೆ ಒಬ್ಬ ಹುಡುಗ ಬಂದು ಒಂದು ಚೆಕ್ಕೂ ಒಂದು ಲೆಕ್ಕದ ಚೀಟಿಯೂ ಕೊಟ್ಟು ಹೋದ.

ಆ ಚೀಟಿಯ ಬಗ್ಗೆ ಹೇಳಲೇಬೇಕು, ಯಾಕಂದರೆ ಇಂಥದ್ದೇ ಚೀಟಿ ನಿಮಗೂ ಬರಬಹುದು. ಅದರಲ್ಲಿ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ ಅಂತ ಒಂದಿಷ್ಟು ಕತ್ತರಿಸಿದ್ದ. ನನ್ನ ಪ್ಯಾನ್ ನಂಬರನ್ನು ಅವನು ಕೇಳಿಯೇ ಇರಲಿಲ್ಲ. ನಿಜವಾಗಿ ನಮ್ಮ ಹೆಸರಲ್ಲಿ ತೆರಿಗೆ ಕಟ್ಟಿದ್ದರೆ ಇನ್‌ಕಂ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಮ್ಮ ಪ್ಯಾನ್ ಅಡಿ ಅದು ಜಮಾ ಆಗಿ ಕಾಣಬೇಕು. ಪ್ಯಾನ್ ಇಲ್ಲದೆ ನಮ್ಮ ಖಾತೆಗೆ ಅದು ಬರಲ್ಲ. ಇನ್ನೊಂದು, ಸಿನಿಮಾ ಹಾಡು ನುಡಿಸಿದ್ದಕ್ಕೆ ಮ್ಯೂಸಿಕ್ ಲೈಸೆನ್ಸ್ ಅಂತ ಕತ್ತರಿಸಿದ್ದ. ಇದನ್ನು ಎಲ್ಲಾ ತಂಡದವರೂ ತಿಳಿದಿರಬೇಕು: 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಧಾರ್ಮಿಕ ಕಾರ್ಯದಲ್ಲಿ ಸಂಗೀತ ನುಡಿಸುವುದಕ್ಕೆ ವಿನಾಯಿತಿ ಇದೆ, ಮದುವೆ ಮೆರವಣಿಗೆ, ಮದುವೆಗೆ ಸೇರಿದ ಬೇರೆ ಸಂಭ್ರಮಗಳೂ ಅದರಲ್ಲಿ ಬರುತ್ತವೆ ಅಂತ ಅಲ್ಲೇ ವಿವರಣೆ ಇದೆ. ಮದುವೆ ಮನೆಯಲ್ಲಿ ನುಡಿಸಿದ ವಾದ್ಯದವರ ಕೂಲಿಯಿಂದ ಲೈಸೆನ್ಸ್ ಅಂತ ಕತ್ತರಿಸಿದರೆ ರಸೀದಿ ಕೇಳಿ. ನಾನು ಕೇಳಿದೆ, ಇವತ್ತಿನವರೆಗೂ ಬಂದಿಲ್ಲ.

ಚೆಕ್ ಹಾಕಿದೆ, ಖಾತೆಯಲ್ಲಿ ದುಡ್ಡಿಲ್ಲ ಅಂತ ವಾಪಸ್ ಬಂತು. "ಮುಂದಿನ ವಾರ ಹಾಕ್ರಿ, ಒಂದು ಪೇಮೆಂಟ್ ಬರೋದೈತಿ" ಅಂದ. ಆ ವಾರ ಕಳೆದ ಮೇಲೆ ಮತ್ತೆ ಅದೇ ಮಾತು. ಇದು ಸುಮ್ನೆ ಮುಂದೂಡುವುದಲ್ಲ, ಗಡುವು ದಾಟಿಸುವ ಆಟ. ಚೆಕ್‌ಗೆ ಅದರ ಮೇಲಿನ ತಾರೀಕಿನಿಂದ 3 ತಿಂಗಳು ಮಾತ್ರ ಆಯುಷ್ಯ. ಬೌನ್ಸ್ ಆಗಿದೆ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿ 15 ದಿನದಲ್ಲಿ ಅವನು ದುಡ್ಡು ಕೊಡದಿದ್ದರೆ, ಆಮೇಲಿನ ಒಂದು ತಿಂಗಳಲ್ಲಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಅಡಿ ಕೋರ್ಟಿಗೆ ದೂರು ಹಾಕಬೇಕು. ಧಾರವಾಡದಲ್ಲಿ ವಕೀಲರಾಗಿರುವ ನನ್ನ ಗೆಳೆಯ ಇದನ್ನು ತಕ್ಷಣ ಹೇಳಿದ, ನೋಟಿಸ್ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋಯಿತು. ಆಗ ಏಜೆಂಟನ ಧಾಟಿಯೇ ಬದಲಾಯಿತು. ಆಫೀಸ್ ಬೆಂಗಳೂರಿನಲ್ಲಿದೆ, ಕೇಸ್ ಹಾಕುವುದಿದ್ದರೆ ಅಲ್ಲಿಗೆ ಬಂದು ಅಲೆಯಿರಿ ಅಂದ. ಅದೂ ಸುಳ್ಳು. 2015ರ ತಿದ್ದುಪಡಿ ಆದ ಮೇಲೆ, ಚೆಕ್ ಜಮಾ ಮಾಡಿದ ನಮ್ಮ ಖಾತೆ ಇರುವ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿಯ ಕೋರ್ಟಿನಲ್ಲೇ ದೂರು ಕೊಡಬಹುದು. ನನ್ನ ಖಾತೆ ಹುಬ್ಬಳ್ಳಿಯಲ್ಲಿದೆ.

ಈಗ ನನಗೆ ಎಲ್ಲಕ್ಕಿಂತ ನೋವು ಕೊಟ್ಟ ವಿಷಯ. ನೋಟಿಸ್ ಕಳಿಸಿದ ಮೇಲೆ ನಾನು ಗದಗದ ಹುಡುಗಿಯ ತಂದೆಗೆ ಫೋನ್ ಮಾಡಿದೆ. ಅವರು ಮೊದಲು ಸರಿಯಾಗಿ ಮಾತೇ ಆಡಲಿಲ್ಲ. ಯಾಕೆ ಅಂತ ನಿಧಾನಕ್ಕೆ ತಿಳಿಯಿತು. ನಮ್ಮ ಹೆಸರಲ್ಲಿ ಏಜೆಂಟ್ ಅವರಿಂದ ತೆಗೆದುಕೊಂಡಿದ್ದು ನಮಗೆ ಹೇಳಿದ ಮೊತ್ತದ ಎರಡು ಪಟ್ಟಿಗಿಂತ ಜಾಸ್ತಿ, ಅದೂ ಮುಹೂರ್ತಕ್ಕೆ ಮುಂಚೆಯೇ ಪೂರ್ತಿ. ಅಷ್ಟೇ ಅಲ್ಲ, ರಿಸೆಪ್ಷನ್ ರಾತ್ರಿ "ವಾದ್ಯದವರು ಹತ್ತರ ಮ್ಯಾಲೆ ನುಡಿಸಾಕ ಒಲ್ಲೆ ಅನ್ನಾಕತ್ತಾರ, ಇನ್ನೂ ರೊಕ್ಕ ಕೇಳಾಕತ್ತಾರ" ಅಂತ ಹೇಳಿ ಅವರ ಕಡೆಯಿಂದ ಮತ್ತಷ್ಟು ಕಿತ್ತಿದ್ದ. ಊಟದ ಸಾಲಿನ ನಡುವೆ ನಾನು ಸೋತ ತುಟಿಯಲ್ಲಿ ನುಡಿಸುತ್ತಿದ್ದಾಗ ಆ ಮನೆಯವರು ನನ್ನನ್ನು ದುಡ್ಡಿಗಾಗಿ ಹಟ ಹಿಡಿದವನು ಅಂತ ನೋಡುತ್ತಿದ್ದರು. ಮಗಳ ಮದುವೆಯಲ್ಲಿ ಒಬ್ಬ ತಂದೆ ಹಾಗೆ ತಿಳಿದುಕೊಳ್ಳುವುದು, ಅದು ನನಗೇ ಗೊತ್ತಿಲ್ಲದಿರುವುದು, ಇದನ್ನು ಯಾವ ಕೋರ್ಟೂ ತುಂಬಿಕೊಡಲ್ಲ. ನಿಜ ಗೊತ್ತಾದ ಮೇಲೆ ಆ ಹಿರಿಯರು ತಾವು ದುಡ್ಡು ಕಳಿಸಿದ ದಾಖಲೆಗಳನ್ನೆಲ್ಲ ನನಗೆ ಕೊಟ್ಟರು. ಅವರಿಗೆ ನಾನು ಯಾವತ್ತೂ ಋಣಿ.

ನಮ್ಮ ತಂಡದ ತಬಲಾ ಹುಡುಗ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು. ಅವನಿಗೆ, ಕೀಬೋರ್ಡ್‌ನವನಿಗೆ ನಾನು ನನ್ನ ಕೈಯಿಂದ ದುಡ್ಡು ಕೊಟ್ಟೆ. ಅವರು ಬೇಡ ಅಂದರು. ಆದರೆ ಅವರ ಮನೆ ನಡೆಯುವುದು ಇದರಿಂದಲೇ.

ಈಗ ನಾವು ಏಜೆಂಟ್ ಮೂಲಕ ಬಂದ ಕೆಲಸವನ್ನೂ ಒಪ್ಪುತ್ತೇವೆ. ಎಲ್ಲಾ ಏಜೆಂಟರೂ ಹೀಗಲ್ಲ, ವರ್ಷಗಟ್ಟಲೆ ಸರಿಯಾಗಿ ನಡೆದುಕೊಂಡವರು ಇದ್ದಾರೆ. ಆದರೆ ತಾರೀಕು ಹಿಡಿಯುವ ದಿನವೇ ಮನೆಯವರು, ಏಜೆಂಟ್, ನಾವು ಮೂವರೂ ಇರುವ ಒಂದು ವಾಟ್ಸ್ಆ್ಯಪ್ ಗುಂಪು ಮಾಡಲು ಕೇಳುತ್ತೇವೆ. ಅದರಲ್ಲಿ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ದುಡ್ಡು, ಯಾರು ಕೊಡುವುದು, ಜಾಸ್ತಿ ಹೊತ್ತಿಗೆ ಎಷ್ಟು, ಎಲ್ಲಾ ಬರೆದು ಹಾಕುತ್ತೇವೆ. ಅರ್ಧ ದುಡ್ಡು ಮುಂಚೆ, ಉಳಿದದ್ದು ಲಗ್ನದ ಬೆಳಗ್ಗೆ ಪೆಟ್ಟಿಗೆ ತೆರೆಯುವ ಮುಂಚೆ. ಏಜೆಂಟ್ ತನ್ನ ಕಮಿಷನ್ ಎಷ್ಟು ಬೇಕಾದರೂ ಬೇರೆಯಾಗಿ ಮಾತಾಡಿಕೊಳ್ಳಲಿ, ನಮ್ಮ ತಕರಾರಿಲ್ಲ. ಆ ಗುಂಪಿಗೆ ಒಪ್ಪದವನ ಕೆಲಸ ಬಿಡುತ್ತೇವೆ, ಎಷ್ಟೇ ದೊಡ್ಡ ಮಂಟಪ ಇರಲಿ.

ಮಗಳ ಮದುವೆ, ಮಗನ ಮದುವೆ ಮಾಡುವವರೂ ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ವಾದ್ಯದವರು ಬಂದಾಗ ಒಂದು ನಿಮಿಷ ನೇರ ಕೇಳಿ, ನಿಮ್ಮ ಲೆಕ್ಕ ಎಲ್ಲಾ ಮುಟ್ಟಿತಾ ಅಂತ. ಯಾರಿಗೂ ಅವಮಾನ ಆಗಲ್ಲ.

ಕೇಸು ಹುಬ್ಬಳ್ಳಿಯಲ್ಲಿ ನಡೆಯುತ್ತಿದೆ. ಅದು ಕೋರ್ಟಿನಲ್ಲಿರುವುದರಿಂದ ಇಲ್ಲಿ ಅವನ ಹೆಸರು ಬರೆಯುತ್ತಿಲ್ಲ. ಆದರೆ ಅವನು ಈಗ ಬೇರೆ ಬೋರ್ಡ್ ಹಾಕಿಕೊಂಡು ಬ್ಯಾಡಗಿ, ಶಿಗ್ಗಾವಿ ಕಡೆ ಮುಂದಿನ ಸೀಸನ್‌ಗೆ ತಾರೀಕು ಹಿಡಿಯುತ್ತಿದ್ದಾನೆ ಅಂತ ಇಬ್ಬರು ಬ್ಯಾಂಡಿನವರು ಹೇಳಿದ್ದಾರೆ. ಹಾವೇರಿ ಜಿಲ್ಲೆಯವರು ಯಾರಾದರೂ "ಮೂರು ಕಾರ್ಯಕ್ರಮ ಒಟ್ಟಿಗೆ" ಅನ್ನುವ ಫೋನ್ ಬಂದರೆ ಒಪ್ಪುವ ಮುಂಚೆ ಮನೆಯವರ ನಂಬರ್ ಕೇಳಿ ನೋಡಿ. ಈಗಾಗಲೇ ಅವನ ಚೆಕ್ ಕೈಯಲ್ಲಿ ಇರುವವರು ಅದರ ಮೇಲಿನ ತಾರೀಕು ಇವತ್ತೇ ನೋಡಿಕೊಳ್ಳಿ.