ಬಾಂಬಿನ ಲೋಹದ ಚಮಚ: ಒಂದು ವರ್ಷ ಬಳಸಿದ ಮೇಲೆ

ಮೊದಲು ವಸ್ತುವಿನ ವಿಷಯ ಹೇಳಿಬಿಡುತ್ತೇನೆ. ಲಾವೋಸ್ ದೇಶದ ಶಿಯೆಂಗ್ ಖುವಾಂಗ್ ಪ್ರಾಂತ್ಯದಲ್ಲಿ ಬಾನ್ ನಾಪಿಯಾ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಜನ ಮನೆ ಪಕ್ಕದ ಚಪ್ಪರದಲ್ಲೇ ಎರಕ ಹೊಯ್ದು ಮಾಡುವ ಅಲ್ಯೂಮಿನಿಯಂ ಚಮಚ ಇದು. 5 ಚಮಚಕ್ಕೆ 50,000 ಕಿಪ್ ಕೊಟ್ಟೆ, ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 200 ರೂಪಾಯಿ. ಆ ಕಡೆಯ ನೂಡಲ್ ಸೂಪ್ ಅಂಗಡಿಗಳಲ್ಲೂ ಇದೇ ಚಮಚ ಇಡುತ್ತಾರೆ, ಹಾಗಾಗಿ ಬರೀ ಟೂರಿಸ್ಟ್ ಸಾಮಾನು ಅಂದುಕೊಳ್ಳಬೇಡಿ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ನೆಲದ ಮೇಲೆ ಸುರಿದ ಬಾಂಬಿನ ಭಾಗ, ಫ್ಲೇರ್ ಕೊಳವೆ, ಬಿದ್ದ ವಿಮಾನದ ತಗಡು, ಇವನ್ನೆಲ್ಲ ಕರಗಿಸಿ ಮಾಡಿದ್ದು.

ಚಮಚ ತುಂಬಾ ಹಗುರ. ಅಮ್ಮ ಕೈಯಲ್ಲಿ ಹಿಡಿದು ನೋಡಿ "ಏನೋ ಇದು, ಕೈಯಲ್ಲಿ ಇದ್ದ ಹಾಗೇ ಇಲ್ಲ" ಅಂದರು. ಹೊಳಪು ಕಡಿಮೆ. ಅಂಚನ್ನು ಅರದಿಂದ ಉಜ್ಜಿದ್ದಾರೆ, ಆದರೂ ಒಂದೊಂದು ಕಡೆ ತುಟಿಗೆ ತರಚುತ್ತದೆ. ನನ್ನ 5ರಲ್ಲಿ ಒಂದಕ್ಕೆ ಎರಕದ ಗುಳ್ಳೆ ಒಡೆದು ಸಾಸಿವೆ ಕಾಳಿನಷ್ಟು ಗುಳಿ ಬಿದ್ದಿದೆ. ಬಿಸಿ ಗಂಜಿಯಲ್ಲಿ ಬಿಟ್ಟರೆ ಹಿಡಿಯವರೆಗೂ ಕಾಯುತ್ತದೆ. ಹುಳಿ, ಸಾರು, ಉಪ್ಪಿನಕಾಯಿಗೆ ಬಳಸಲೇಬೇಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣು ಹಾಕಿದ ಅಡುಗೆ ಇಡಬಾರದು ಅಂತ ಮನೆಯಲ್ಲಿ ಹೇಳುವುದು ಸುಮ್ನೆ ಅಲ್ಲ. ಹುಳಿ ತಾಗಿದರೆ ಲೋಹ ಬಿಡುತ್ತದೆ. ಅದರ ಮೇಲೆ ಇದು ಗುಜರಿ ಲೋಹ, ಜೊತೆಗೆ ಇನ್ನೇನು ಬೆರೆತಿದೆಯೋ ಹೇಳುವುದು ಕಷ್ಟ. ನಮ್ಮ ಮನೆಯಲ್ಲಿ ಈಗ ಒಂದು ಸಕ್ಕರೆ ಡಬ್ಬಿಯಲ್ಲಿದೆ, ಒಂದು ಕಾಫಿಪುಡಿ ಡಬ್ಬಿಯಲ್ಲಿ. ಆ ಕೆಲಸಕ್ಕೆ ಚೆನ್ನಾಗಿದೆ.

ಮಾಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮಣ್ಣಿನ ಒಲೆ, ಸೌದೆ ಬೆಂಕಿ. ಎರಡು ಮರದ ಹಲಗೆಯ ಮಧ್ಯೆ ಬೂದಿ ಒತ್ತಿ ಅಚ್ಚು ಮಾಡಿರುತ್ತಾರೆ. ಅಜ್ಜಿಯೊಬ್ಬರು ಉದ್ದ ಹಿಡಿಯ ಸೌಟಿನಲ್ಲಿ ಕರಗಿದ ಲೋಹ ತೆಗೆದು ಅಚ್ಚಿನ ತೂತಿಗೆ ಹೊಯ್ದರು, ಒಂದು ಹನಿ ಆಚೆ ಚೆಲ್ಲಲಿಲ್ಲ. ಮೂವತ್ತು ಎಣಿಸುವಷ್ಟರಲ್ಲಿ ಹಲಗೆ ಬಿಚ್ಚಿ ಚಮಚ ಎತ್ತಿದರು. ಬಾಲದ ಹಾಗೆ ಅಂಟಿಕೊಂಡಿದ್ದ ಚೂರನ್ನು ಮುರಿದು ಮತ್ತೆ ಒಲೆಗೆ ಹಾಕಿದರು. ಏನೂ ದಂಡ ಆಗಬಾರದು. ಅವರ ಹಿಂದೆ ಬೇಲಿಗೆ ಒರಗಿಸಿದ್ದ ಉದ್ದನೆಯ ಉಕ್ಕಿನ ಕವಚ ಒಂದಿತ್ತು. ಕ್ಲಸ್ಟರ್ ಬಾಂಬಿನದ್ದು. ಅಂಥ ಒಂದು ಕವಚದೊಳಗೆ ಟೆನಿಸ್ ಚೆಂಡಿನ ಗಾತ್ರದ 600ಕ್ಕೂ ಜಾಸ್ತಿ ಮರಿಬಾಂಬು ಇರುತ್ತಿದ್ದವು. ಅಲ್ಲಿ ಅದಕ್ಕೆ 'ಬಾಂಬಿ' ಅನ್ನುತ್ತಾರೆ. ಕವಚದ ಪಕ್ಕದಲ್ಲೇ ಅಜ್ಜಿ ಈರುಳ್ಳಿ ಸೊಪ್ಪು ಬೆಳೆಸಿದ್ದರು.

ನಮ್ಮ ಜೊತೆ ಬಂದಿದ್ದವರಲ್ಲಿ ಒಬ್ಬರು "ಹೋಗಲಿ, ಯುದ್ಧದಿಂದ ಇವರಿಗೆ ಒಂದು ಕಸುಬಾದರೂ ಸಿಕ್ಕಿತಲ್ಲ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ, ಈ ರಿವ್ಯೂ ಬರೆಯುತ್ತಿರುವುದೇ ಅದಕ್ಕೆ.

ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಬಾಸ್ಟಿಯಾ 1850ರಲ್ಲಿ ಬರೆದ ಒಂದು ಉದಾಹರಣೆ ಇದೆ, ಜನರ ಬದುಕಲ್ಲಿ ಸರ್ಕಾರದ ಕೈ ಆದಷ್ಟು ಕಡಿಮೆ ಇರಬೇಕು ಅನ್ನುವ ಲಿಬರ್ಟೇರಿಯನ್ನರು ಇವತ್ತಿಗೂ ಎತ್ತುವುದು. ಹುಡುಗನೊಬ್ಬ ಅಂಗಡಿಯ ಕಿಟಕಿ ಗಾಜು ಒಡೆಯುತ್ತಾನೆ. ಗಾಜಿನವನಿಗೆ ಕೆಲಸ ಸಿಕ್ಕಿತು, ಒಳ್ಳೆಯದೇ ಆಯಿತು ಅಂತ ಜನ ಅನ್ನುತ್ತಾರೆ. ಆದರೆ ಆ ದುಡ್ಡಲ್ಲಿ ಅಂಗಡಿಯವನು ಚಪ್ಪಲಿ ಕೊಳ್ಳಬಹುದಿತ್ತಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಾಫಿಪುಡಿ ಚಮಚವೂ ಕಣ್ಣಿಗೆ ಬೀಳುವ ಭಾಗ ಅಷ್ಟೇ. ಮಣ್ಣಲ್ಲಿ ಸಿಡಿಯದೆ ಉಳಿದ ಬಾಂಬಿಗೆ ಹೆದರಿ ಆ ಅಜ್ಜಿಯ ಮನೆಯವರು ಎರಡು ತಲೆಮಾರು ಉಳದೇ ಬಿಟ್ಟ ಗದ್ದೆ ಚಮಚದಲ್ಲಿ ಕಾಣುವುದಿಲ್ಲ.

ಲೆಕ್ಕ ನೋಡಿ. 9 ವರ್ಷದಲ್ಲಿ 5,80,000 ಬಾಂಬ್ ದಾಳಿ, 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು. ಹಗಲು ರಾತ್ರಿ ಪ್ರತಿ 8 ನಿಮಿಷಕ್ಕೆ ಒಂದು ವಿಮಾನದ ಲೋಡು ಅಂದ ಹಾಗೆ. ಬಾಂಬಿಗಳೇ 27 ಕೋಟಿಗೂ ಹೆಚ್ಚು, ಅದರಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಲ್ಲಿ ಉಳಿದವು. ಯುದ್ಧ ಮುಗಿದ ಮೇಲೆ ಅವುಗಳಿಂದ ಸತ್ತವರು, ಗಾಯಗೊಂಡವರು 20,000ಕ್ಕೂ ಜಾಸ್ತಿ. ಲಾವೋಸ್ ಜೊತೆ ಅಮೆರಿಕ ಯುದ್ಧ ಘೋಷಿಸಿರಲೇ ಇಲ್ಲ. 1962ರಲ್ಲಿ ಜಿನೀವಾದಲ್ಲಿ 14 ದೇಶಗಳು ಕೂತು ಲಾವೋಸ್ ತಟಸ್ಥ ದೇಶ ಅಂತ ಸಹಿ ಹಾಕಿದ್ದವು. ಉತ್ತರ ವಿಯೆಟ್ನಾಂ ಆ ಮಾತು ಮುರಿಯಿತು, ಸೈನ್ಯ ವಾಪಸ್ ಕರೆಸಲಿಲ್ಲ, ಅಮೆರಿಕದ ಬೆಂಬಲವಿದ್ದ ದಕ್ಷಿಣ ವಿಯೆಟ್ನಾಂಗೆ ಲಾವೋಸ್ ಕಾಡಿನ ಮೂಲಕವೇ ದಾರಿ ಮಾಡಿಕೊಂಡಿತು. ಇದನ್ನು ಮುಚ್ಚಿಟ್ಟು ಅಮೆರಿಕವನ್ನು ಮಾತ್ರ ಬೈದರೆ ನ್ಯಾಯ ಆಗಲ್ಲ. ಆದರೆ ಅಮೆರಿಕ ಆರಿಸಿಕೊಂಡ ಉತ್ತರ ತನ್ನ ಸಂಸತ್ತಿಗೂ ಸರಿಯಾಗಿ ಹೇಳದ ಯುದ್ಧ. ಬಾಂಬ್ ದಾಳಿಗೆ ಒಪ್ಪಿಗೆ ಕೊಡುತ್ತಿದ್ದವರು ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನಲ್ಲಿದ್ದ ಅಮೆರಿಕದ ರಾಯಭಾರಿ.

ಇದರಲ್ಲಿ ನನಗೆ ತುಂಬಾ ಕಾಡಿದ ಸಂಗತಿ 1968ರ ನವೆಂಬರಿನದ್ದು. ಶಾಂತಿ ಮಾತುಕತೆ ನಡೆಯಲಿ ಅಂತ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿದರು. ಒಳ್ಳೆ ಹೆಜ್ಜೆ ಅಲ್ವಾ? ಕೆಲಸ ಇಲ್ಲದೆ ಉಳಿದ ವಿಮಾನಗಳನ್ನು ಲಾವೋಸ್ ಕಡೆ ತಿರುಗಿಸಿದರು. ಒಂದು ಕಡೆಯ ಶಾಂತಿಗೆ ಶಿಯೆಂಗ್ ಖುವಾಂಗ್‌ನ ಹಳ್ಳಿಗಳು ಬೆಲೆ ತೆತ್ತವು, ಜನ ವರ್ಷಗಟ್ಟಲೆ ಗುಹೆಗಳಲ್ಲಿ ಬದುಕಿದರು.

ಲಿಬರ್ಟೇರಿಯನ್ನರ ಎಲ್ಲಾ ಮಾತನ್ನೂ ನಾನು ಒಪ್ಪುವವನಲ್ಲ, ಆದರೆ ಈ ವಿಷಯದಲ್ಲಿ ಅವರ ತರ್ಕ ಗಟ್ಟಿ. ದೂರದಲ್ಲಿ ಕೂತ ಅಧಿಕಾರಿಗೆ ಊರಿನ ಅಕ್ಕಿಯ ಬೆಲೆ ನಿಗದಿ ಮಾಡುವಷ್ಟು ತಿಳಿವಳಿಕೆ ಇರುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ಹಾಯೆಕ್ ವಾದಿಸಿದ್ದು ಆರ್ಥಿಕತೆಯ ಬಗ್ಗೆ. ಬೆಲೆ ನಿಗದಿ ಮಾಡಲಾಗದವನು ಭಾಷೆ ಬಾರದ ದೇಶವೊಂದರ ರಾಜಕೀಯವನ್ನು ವಿಮಾನದಿಂದ ಹೇಗೆ ಸರಿಮಾಡುತ್ತಾನೆ ಅಂತ ಅವರು ಕೇಳುತ್ತಾರೆ. ಎರಡನೆಯದು ದುಡ್ಡು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂತ ನಾವು ಹೇಳುವುದು ಇಂಥದ್ದಕ್ಕೇ. ತೆರಿಗೆ ಕಟ್ಟಿದವನಿಗೆ ಯುದ್ಧ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಬೇಡ ಅನ್ನುವವರು ಯಾರು? ಅಮೆರಿಕದ ಲಿಬರ್ಟೇರಿಯನ್ ಪಕ್ಷ ಹುಟ್ಟಿದ್ದು 1971ರ ಡಿಸೆಂಬರಿನಲ್ಲಿ, ಬಾಂಬು ಬೀಳುತ್ತಿದ್ದ ದಿನಗಳಲ್ಲೇ. ವಿಯೆಟ್ನಾಂ ಯುದ್ಧ, ಕಡ್ಡಾಯ ಸೈನ್ಯ ಭರ್ತಿ, ಆಗಿನ ಅಧ್ಯಕ್ಷ ನಿಕ್ಸನ್ ಅವರ ಬೆಲೆ ನಿಯಂತ್ರಣ, ಎಲ್ಲದರ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು.

ಲಿಬರ್ಟೇರಿಯನ್ ನಿಲುವಿನ ಅಮೆರಿಕದ ರಾಜಕಾರಣಿ ರಾನ್ ಪಾಲ್ 2007ರ ಚುನಾವಣಾ ಚರ್ಚೆಯಲ್ಲಿ ಹೇಳಿದ್ದು ಹಲವರಿಗೆ ನೆನಪಿರಬಹುದು: ಹೊರದೇಶಗಳಲ್ಲಿ ಮಾಡಿದ್ದು ತಿರುಗಿ ನಮ್ಮ ಮನೆಗೇ ಬರುತ್ತದೆ ಅನ್ನುವ ಅರ್ಥದ ಮಾತು. ಅವರು ಉದಾಹರಣೆ ಕೊಟ್ಟ ಇರಾನ್ ವಿಷಯದಲ್ಲಿ ನಿಜ ಇರಬಹುದು. ಲಾವೋಸ್‌ನಿಂದ ಯಾರೂ ಸೇಡು ತೀರಿಸಿಕೊಳ್ಳಲು ಅಮೆರಿಕಕ್ಕೆ ಹೋಗಲಿಲ್ಲ. ನನಗೆ ಅದೇ ಹೆಚ್ಚು ನೋವಿನ ಸಂಗತಿ. ಬಾಂಬು ಹಾಕಿದವರಿಗೆ ಬಿಸಿ ತಟ್ಟಲೇ ಇಲ್ಲ, ಹಾಗಾಗಿ ಅವರಿಗೆ ಅದನ್ನು ನೆನಪಿಟ್ಟುಕೊಳ್ಳುವ ಅಗತ್ಯವೂ ಬೀಳಲಿಲ್ಲ. ಅಮೆರಿಕ ತಡೆಯಬೇಕು ಅಂದುಕೊಂಡಿದ್ದ ಪಥೆಟ್ ಲಾವೋ ಅನ್ನುವ ಕಮ್ಯುನಿಸ್ಟರ ಸರ್ಕಾರ 1975ರ ಡಿಸೆಂಬರಿನಲ್ಲಿ ಬಂದೇ ಬಂತು. ಅಮೆರಿಕದ ಪರ ಹೋರಾಡಿದ ಮೋಂಗ್ ಬುಡಕಟ್ಟಿನ ಜನ ಊರು ಬಿಟ್ಟು ಓಡಬೇಕಾಯಿತು.

ಲಿಬರ್ಟೇರಿಯನ್ನರ ಜೊತೆ ನನ್ನ ತಕರಾರು ಒಂದಿದೆ. ಅವರಲ್ಲಿ ಅನೇಕರು ವಿದೇಶಿ ನೆರವೇ ಬೇಡ ಅನ್ನುತ್ತಾರೆ. 2016ರಲ್ಲಿ ಒಬಾಮಾ ಲಾವೋಸ್‌ಗೆ ಹೋಗಿ ಬಾಂಬು ತೆಗೆಯಲು 3 ವರ್ಷಕ್ಕೆ 9 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಅದನ್ನು ನೆರವು ಅಂತ ಕರೆಯುವುದೇ ತಪ್ಪು. ಪಕ್ಕದವರ ಗದ್ದೆಗೆ ಗಾಜಿನ ಚೂರು ಸುರಿದವನು ಅದನ್ನು ಹೆಕ್ಕಿಕೊಟ್ಟರೆ ದಾನ ಅನ್ನುತ್ತೇವಾ? ಆಸ್ತಿ ಹಕ್ಕಿನ ಬಗ್ಗೆ ಅಷ್ಟು ಮಾತಾಡುವವರು ಈ ಬಾಕಿಯನ್ನು ಎಲ್ಲರಿಗಿಂತ ಮೊದಲು ಒಪ್ಪಬೇಕು. ನಮ್ಮ ದೇಶವೂ 2008ರ ಕ್ಲಸ್ಟರ್ ಬಾಂಬ್ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅಮೆರಿಕವೂ ಹಾಕಿಲ್ಲ.

ಕೊಳ್ಳುವವರಿಗೆ ಇನ್ನೊಂದು ಮುಖ್ಯ ಮಾತು. ಲೋಹಕ್ಕೆ ಬೆಲೆ ಇದ್ದರೆ ಗುಜರಿ ಹುಡುಕುವವರು ಇರುತ್ತಾರೆ, ಹುಡುಕುವಾಗ ಸಿಡಿದು ಸತ್ತವರಿದ್ದಾರೆ. ಮಕ್ಕಳೂ ಇದ್ದಾರೆ. ನನ್ನ 200 ರೂಪಾಯಿ ಯಾವ ಕೈಗೆ ಹೋಗಿ ಯಾವ ಗುದ್ದಲಿ ಎತ್ತಿಸಿತು ಅನ್ನುವುದು ನನಗೆ ಕಾಣುವುದಿಲ್ಲ. ಹಾಗಾಗಿ ಬಾಂಬಿನ ಆಕಾರ ಉಳಿದಿರುವ ಚೂರು, ಕವಚ, ಮೂತಿ, ಇಂಥವನ್ನು ಎಲ್ಲೂ ಕೊಳ್ಳಬೇಡಿ. ಚಮಚ ಬೇಕಿದ್ದರೆ ಹಳ್ಳಿಗೇ ಹೋಗಿ, ಮಾಡಿದವರ ಕೈಗೇ ದುಡ್ಡು ಕೊಡಿ, ಲೋಹ ಎಲ್ಲಿಂದ ಬರುತ್ತದೆ ಅಂತ ಕೇಳಿ, ಚೌಕಾಸಿ ಮಾಡಬೇಡಿ. ಅದೇ ಪ್ರಾಂತ್ಯದ ಫೋನ್ಸವನ್ ಪೇಟೆಯಲ್ಲಿ ಮ್ಯಾಗ್ ಸಂಸ್ಥೆಯ ಕೇಂದ್ರ ಇದೆ, ಅವರು 1994ರಿಂದ ಅಲ್ಲಿ ಬಾಂಬು ತೆಗೆಯುತ್ತಿದ್ದಾರೆ. ಚಮಚಕ್ಕೆ ಕೊಟ್ಟಷ್ಟನ್ನೇ ಅಲ್ಲೂ ಕೊಟ್ಟು ಬನ್ನಿ. ಬಯಲಲ್ಲಿ ನಡೆಯುವಾಗ ಅವರು ನೆಟ್ಟ ಕೆಂಪು ಬಿಳಿ ಗುರುತು ನೋಡಿಕೊಂಡು ಬಿಳಿ ಬದಿಯಲ್ಲೇ ಇರಿ.

ಚಮಚಕ್ಕೆ 5ರಲ್ಲಿ 3 ಸ್ಟಾರ್, ಮಾಡಿದ ಕೈಗೆ 5. ಗುಳಿ ಬಿದ್ದ ಚಮಚವನ್ನು ಬೇರೆ ಎತ್ತಿಡೋಣ ಅಂದೆ, ಅಮ್ಮ ಬಿಡಲಿಲ್ಲ. ಬೆಳಿಗ್ಗೆ ಡಿಕಾಕ್ಷನ್‌ಗೆ ಪುಡಿ ಹಾಕುವುದು ಅದರಲ್ಲೇ.