ಎಪಿಎಂಸಿ ಆನ್‌ಲೈನ್ ಟೆಂಡರ್: ಹಲವು ಸುಗ್ಗಿ ಮೆಕ್ಕೆಜೋಳ ಮಾರಿದ ಮೇಲೆ ಒಂದು ವಿಮರ್ಶೆ

ಬೆಲೆ ಕಟ್ಟುವ ಕೆಲಸವನ್ನು ಎಪಿಎಂಸಿಯ ಆನ್‌ಲೈನ್ ಟೆಂಡರ್ ಚೆನ್ನಾಗಿಯೇ ಮಾಡುತ್ತದೆ. ತೂಕ ಮತ್ತು ಹಣದ ವಿಚಾರಕ್ಕೆ ಬಂದರೆ ಯಾರ್ಡ್ ಇನ್ನೂ ಹಳೆಯ ಯಾರ್ಡೇ. ಇದನ್ನು ಮೊದಲೇ ತಿಳಿದುಕೊಂಡು ಮಾಲು ತಂದರೆ ಲಾಭವಿದೆ. ಕಂಪ್ಯೂಟರ್ ಇದೆ, ಎಲ್ಲ ಅದೇ ನೋಡಿಕೊಳ್ಳುತ್ತದೆ ಎಂದುಕೊಂಡರೆ ಇಲ್ಲ.

ಈ ಟೆಂಡರ್ ನಡೆಯುವ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಗಿದ್ದು 2014ರ ಫೆಬ್ರುವರಿಯಲ್ಲಿ, ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನ್ಯಾಮ್‌ಗಿಂತ ಎರಡು ವರ್ಷ ಮೊದಲು. ಒಂದೇ ಲೈಸೆನ್ಸಿನ ಮೇಲೆ ವರ್ತಕ ಯಾವ ಊರಿನ ಎಪಿಎಂಸಿಯ ಮಾಲಿಗಾದರೂ ದರ ಹಾಕಬಹುದು ಎಂಬುದು ಇದರ ತಿರುಳು. ಗೇಟಿನಲ್ಲಿ ಎಂಟ್ರಿ ಆಗಿ, ದಲ್ಲಾಳಿ ಅಂಗಡಿಯ ಮುಂದೆ ರಾಶಿ ಬಿದ್ದ ಮೇಲೆ ಲಾಟ್ ನಂಬರ್ ಸಿಗುತ್ತದೆ. ವರ್ತಕರು ಮಾಲು ನೋಡಿ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ದರ ಬರೆಯುತ್ತಾರೆ. ಒಬ್ಬ ಬರೆದದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ಟೆಂಡರ್ ಮುಗಿದು ಹೆಚ್ಚಿನ ದರದವನ ಹೆಸರು ಬರುತ್ತದೆ. ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಿದ್ದ ಕಾಲ ಕಂಡವರಿಗೆ ಇದರ ಬೆಲೆ ಗೊತ್ತು.

ದರ ಎಷ್ಟು ಏರಿತು? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಕ್ಕೆಜೋಳಕ್ಕೆ ಸರಾಸರಿ ಶೇ 3.5, ಶೇಂಗಾಕ್ಕೆ 3.6, ಭತ್ತಕ್ಕೆ 5.1ರಷ್ಟು ಏರಿಕೆ ಕಂಡಿದೆ. ತೊಗರಿ, ಹೆಸರು, ಹತ್ತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಕ್ಕಿಲ್ಲ. ಕ್ವಿಂಟಲ್‌ಗೆ 2,000 ರೂಪಾಯಿ ದರವಿದ್ದಾಗ ಶೇ 3.5 ಎಂದರೆ 70 ರೂಪಾಯಿ. ಲಾರಿ ಬಾಡಿಗೆ, ಹಮಾಲಿ ಕಳೆದರೆ ಎಷ್ಟು ಉಳಿಯುತ್ತದೆ ಎಂಬುದು ನಿಮ್ಮ ಊರಿನ ದೂರದ ಮೇಲಿದೆ. ಕಣಕ್ಕೇ ಬಂದು ಕೊಳ್ಳುವವನ ದರದ ಜೊತೆ ಹೋಲಿಸುವಾಗ ಈ ಲೆಕ್ಕ ಬಿಡಬೇಡಿ.

ಹೊರ ಊರಿನ ವರ್ತಕ ದರ ಹಾಕಿದರೆ ಮಾತ್ರ ಪೈಪೋಟಿ ನಿಜವಾಗುತ್ತದೆ. ಕಾಳನ್ನು ಕೈಯಲ್ಲಿ ಹಿಡಿದು ನೋಡದ ಅವನು ಗುಣಮಟ್ಟದ ವರದಿ ನಂಬಬೇಕು. ಸುಗ್ಗಿಯ ಆವಕದಲ್ಲಿ ಪ್ರತಿ ಲಾಟಿನ ಮಾದರಿ ಲ್ಯಾಬ್ ಮುಟ್ಟುವುದಿಲ್ಲ. ವರದಿ ಇಲ್ಲದ ಲಾಟಿಗೆ ಸ್ಥಳೀಯರೇ ನಾಲ್ಕೈದು ಮಂದಿ ಬರೆಯುತ್ತಾರೆ, ಅವರು ದಿನಾ ಒಟ್ಟಿಗೆ ಚಹಾ ಕುಡಿಯುವವರು. ಆದ್ದರಿಂದ ಲ್ಯಾಬ್ ಇರುವ ಯಾರ್ಡ್ ಆರಿಸಿ, ಬೆಳಿಗ್ಗೆ ಬೇಗ ಗೇಟ್ ದಾಟಿ, ಮಾದರಿ ಪರೀಕ್ಷೆ ಬೇಕೆಂದು ಕೇಳಿ ಪಡೆಯಿರಿ. ತಡವಾಗಿ ಬಂದ ಲಾಟನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ, ದರದಲ್ಲೂ ಅದು ಕಾಣುತ್ತದೆ.

ಮೆಕ್ಕೆಜೋಳದಲ್ಲಿ ಎಲ್ಲ ಜಗಳದ ಮೂಲ ತೇವಾಂಶ. ಬೆಂಬಲ ಬೆಲೆಯ ಮಾನದಂಡ ಶೇ 14. ಶೇ 18ರ ಕಾಳನ್ನು 14ಕ್ಕೆ ಒಣಗಿಸಿದರೆ 100 ಕೆಜಿ ಸುಮಾರು 95.35 ಕೆಜಿ ಆಗುತ್ತದೆ. ಹಸಿ ಮಾಲಿಗೆ 2,000 ರೂಪಾಯಿ ಸಿಗುತ್ತಿದ್ದರೆ, ಒಣ ಮಾಲಿಗೆ 2,098 ಸಿಕ್ಕಾಗ ಅಲ್ಲಿಂದಲ್ಲಿಗೆ ಸರಿ. ಅದರ ಮೇಲೆ ಒಣಗಿಸುವ ಕೂಲಿಯೂ ಗಿಟ್ಟಿದರೆ ಮಾತ್ರ ಕಣದಲ್ಲಿ ಹರಡಿ. ಮೀಟರ್ ರೀಡಿಂಗ್ ತೆಗೆಯುವಾಗ ಬಿಸಿಲಿನಿಂದ ಆಗಷ್ಟೇ ತುಂಬಿದ ಕಾಳು ಬೇಡ, ಬಿಸಿ ಕಾಳಿನಲ್ಲಿ ರೀಡಿಂಗ್ ತಪ್ಪುತ್ತದೆ. ನೆರಳಲ್ಲಿ ಆರಲಿ. ಮೀಟರಿನಲ್ಲಿ ಮೆಕ್ಕೆಜೋಳದ ಆಯ್ಕೆಯೇ ಇದೆಯೇ, ಹಿಂದಿನವರು ಭತ್ತಕ್ಕೆ ಇಟ್ಟು ಹಾಗೇ ಬಿಟ್ಟಿದ್ದಾರೆಯೇ ನೋಡಿ. ಚೀಲದ ಬಾಯಿಯ ಕಾಳಲ್ಲ, ನಡುವಿನ ಮತ್ತು ತಳದ ಕಾಳು ತೆಗೆಸಿ.

ಒಣಗಿದ್ದನ್ನೂ ಹಸಿಯನ್ನೂ ಒಂದೇ ಲಾಟಿಗೆ ಸೇರಿಸುವುದು ದೊಡ್ಡ ನಷ್ಟ. ಖರೀದಿದಾರ ಕೆಟ್ಟ ಚೀಲ ನೋಡಿ ಇಡೀ ರಾಶಿಗೆ ದರ ಬರೆಯುತ್ತಾನೆ. 40 ಕ್ವಿಂಟಲ್ ಒಣ ಮಾಲು 2,100ಕ್ಕೆ, 10 ಕ್ವಿಂಟಲ್ ಹಸಿ 1,950ಕ್ಕೆ ಹೋದರೆ 1,03,500 ರೂಪಾಯಿ. ಬೆರೆಸಿದ್ದು 2,000ಕ್ಕೆ ಹೋದರೆ ಒಂದು ಲಕ್ಷ. ಹಾಗೆಂದು ಐದಾರು ಚೀಲದ ಲಾಟುಗಳಾಗಿ ಒಡೆಯಲೂಬೇಡಿ, ಲಾರಿ ತುಂಬಿಸಬೇಕಾದವನು ಅಂಥವುಗಳತ್ತ ತಿರುಗಿಯೂ ನೋಡುವುದಿಲ್ಲ.

ಇನ್ನು ವ್ಯವಸ್ಥೆ ಸೋಲುವ ಜಾಗ. ಟೆಂಡರ್ ಗೆದ್ದವನು ತೂಕದ ಹೊತ್ತಿಗೆ ಬಂದು ‘ಮಾಲು ತೋರಿಸಿದಂತಿಲ್ಲ, 50 ರೂಪಾಯಿ ಇಳಿಸಿ’ ಎನ್ನುತ್ತಾನೆ. ತೆರೆಯ ಮೇಲಿನ ದರ ಒಂದು, ಕೈಗೆ ಬರುವುದು ಇನ್ನೊಂದು. ಇದಕ್ಕೆ ಮದ್ದು ಟೆಂಡರಿಗೆ ಮೊದಲೇ ಆಗಬೇಕು: ಅದೇ ರಾಶಿಯಿಂದ ಒಂದು ಕೆಜಿ ಮಾದರಿ ತೆಗೆದು, ಗಾಳಿಯಾಡದಂತೆ ಕಟ್ಟಿ, ಲಾಟ್ ನಂಬರ್ ಬರೆದು ದಲ್ಲಾಳಿಯ ಸಹಿ ಹಾಕಿಸಿಟ್ಟುಕೊಳ್ಳಿ. ತಕರಾರು ಬಂದರೆ ತೂಕ ಶುರುವಾಗುವ ಮುನ್ನವೇ ಮಾರುಕಟ್ಟೆ ಮೇಲ್ವಿಚಾರಕರನ್ನು ಕರೆಸಿ. ಚೀಲ ಬಿಚ್ಚಿ ಬೇರೆಯವರ ಮಾಲಿನೊಂದಿಗೆ ಬೆರೆತ ಮೇಲೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ.

ಖಾಲಿ ಚೀಲದ ತೂಕವನ್ನೂ ಗಮನಿಸಿ. 50 ಕೆಜಿಯ ಗೋಣಿಚೀಲ ಅರ್ಧ ಕೆಜಿಗೆ ಸ್ವಲ್ಪ ಮೇಲೆ ತೂಗುತ್ತದೆ, ಪ್ಲಾಸ್ಟಿಕ್ ಚೀಲ ನೂರು-ನೂರೈವತ್ತು ಗ್ರಾಂ ಅಷ್ಟೆ. ಎರಡಕ್ಕೂ ತಲಾ ಒಂದು ಕೆಜಿ ಕಳೆದರೆ, ನೂರು ಪ್ಲಾಸ್ಟಿಕ್ ಚೀಲಕ್ಕೆ ಸುಮಾರು 85 ಕೆಜಿ ಮೆಕ್ಕೆಜೋಳ ಬಿಟ್ಟಿ ಹೋದಂತೆ. ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿಸಿ ಹತ್ತರಿಂದ ಭಾಗಿಸಿದರೆ ಯಾರೂ ಮಾತಾಡುವಂತಿಲ್ಲ.

ಲೆಕ್ಕದ ಪಟ್ಟಿಯಲ್ಲಿ ದಲ್ಲಾಳಿ ಕಮಿಷನ್ ರೈತರ ಖಾತೆಗೆ ಬರೆದಿದ್ದರೆ ಅಳಿಸಿಸಿ. ಕಮಿಷನ್ನೂ ಮಾರುಕಟ್ಟೆ ಶುಲ್ಕವೂ ಕೊಳ್ಳುವವನ ತಲೆಗೆ. ನಿಮ್ಮ ಪಾಲಿಗೆ ಬರುವುದು ಇಳಿಸುವ ಹಮಾಲಿ, ಕಸ ತೆಗೆಸಿದ್ದರೆ ಅದರ ಕೂಲಿ. ಅಧಿಕೃತ ಪಟ್ಟಿಯ ಬದಲು ಬರೆದುಕೊಡುವ ಬಿಳಿ ಚೀಟಿ ಒಪ್ಪಿಕೊಳ್ಳಬೇಡಿ. ಲಾಟ್ ನಂಬರ್ ಇಲ್ಲದ ಚೀಟಿ ಹಿಡಿದು ಹಣಕ್ಕೆ ಅಲೆದರೆ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. ಹಣ ನೇರ ಬ್ಯಾಂಕ್ ಖಾತೆಗೆ ಬರುವ ಏರ್ಪಾಡು ಇದ್ದರೂ, ಬಿತ್ತನೆ ಹೊತ್ತಿನಲ್ಲಿ ಮುಂಗಡ ಪಡೆದವರ ದುಡ್ಡು ಅಂಗಡಿಯ ಮೂಲಕವೇ ಸಾಗುತ್ತದೆ. ಸಾಲದ ಈ ಹಗ್ಗವನ್ನು ಯಾವ ಸಾಫ್ಟ್‌ವೇರೂ ಬಿಚ್ಚಿಲ್ಲ. ಸಾಲ ಒಂದು ಅಂಗಡಿಯಲ್ಲಿದ್ದರೆ ಮಾಲೂ ಅಲ್ಲಿಗೇ ಹೋಗಬೇಕು, ತಕರಾರು ಮಾಡುವ ಬಾಯಿಯೂ ಅರ್ಧ ಕಟ್ಟಿರುತ್ತದೆ.

ಬಂದ ದರ ಒಪ್ಪದಿರುವ ಹಕ್ಕು ನಿಮಗಿದೆ, ಬಳಸುವವರು ಕಡಿಮೆ. ಬೇಡವೆಂದರೆ ಲಾಟ್ ಮರುದಿನದ ಟೆಂಡರಿಗೆ ಹೋಗುತ್ತದೆ. ಮೋಡವಿದ್ದರೆ ಬೇಡ ಎನ್ನುವ ಮುನ್ನ ರಾಶಿಗೆ ಸೂರು ಎಲ್ಲಿ ಎಂದು ಕೇಳಿ. ತಿಂಗಳುಗಟ್ಟಲೆ ಕಾಯುವಂತಿದ್ದರೆ ಡಬ್ಲ್ಯುಡಿಆರ್‌ಎ (ಕೇಂದ್ರದ ಗೋದಾಮು ನಿಯಂತ್ರಣ ಪ್ರಾಧಿಕಾರ) ನೋಂದಣಿಯಿರುವ ಗೋದಾಮಿನಲ್ಲಿಟ್ಟು ಎಲೆಕ್ಟ್ರಾನಿಕ್ ರಸೀದಿ ಪಡೆಯಿರಿ, ಅದರ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ಆದರೆ ಅಲ್ಲಿಗೂ ತೇವಾಂಶ ಶೇ 14 ಮೀರಿದ ಕಾಳು ಒಯ್ಯಬೇಡಿ, ಬೂಷ್ಟು ಹಿಡಿಯುತ್ತದೆ.